ಆರು ತಿಂಗಳು ಕುಸ್ತಿ ಕಲಿತ ಹುಡುಗನಿಗೆ ಮೂರು ವರ್ಷ ಆಡಿದವನ ಜೊತೆ ಜೋಡಿ ಹಾಕೋದು ಸರಿನಾ?

ಮಗನಿಗೆ 13 ವರ್ಷ, ಗರಡಿ ಸೇರಿ ಆರು ತಿಂಗಳು, ಮೊದಲ ಟೂರ್ನಿಯಲ್ಲೇ ಅರ್ಧ ನಿಮಿಷದಲ್ಲಿ ಸೋತ, ಇನ್ನು ಕಳಿಸಬೇಕಾ ಬೇಡ್ವಾ ಅಂತ ಕೇಳಿದ್ದೀರಿ. ಕಳಿಸಿ. ಆದರೆ ಆ ಜೋಡಿ ಸರಿ ಇರಲಿಲ್ಲ. ತೂಕ ಒಂದೇ ಇದ್ದ ಮಾತ್ರಕ್ಕೆ ಜೋಡಿ ಸಮ ಆಗೋದಿಲ್ಲ.

ನಾನು ಗರಡಿಯಲ್ಲಿ ಸಣ್ಣ ಹುಡುಗರಿಗೆ ಹೇಳಿಕೊಡುತ್ತೇನೆ, ಇದನ್ನು ತುಂಬಾ ನೋಡಿದ್ದೇನೆ. ಮ್ಯಾಟ್ ಕುಸ್ತಿಯಲ್ಲಿ ವಯಸ್ಸು, ತೂಕ ಎರಡೇ ಲೆಕ್ಕ. 15ರೊಳಗಿನವರ ವಿಭಾಗ ಇರೋದೇ 14, 15ರ ಹುಡುಗರಿಗೆ. ಅಂತರರಾಷ್ಟ್ರೀಯ ನಿಯಮದಲ್ಲಿ 13ರ ಹುಡುಗ ಆಡಬೇಕಾದರೆ ಪೋಷಕರ ಒಪ್ಪಿಗೆ, ವೈದ್ಯರ ಪತ್ರ ಎರಡೂ ಬೇಕು. ಆ ವಯಸ್ಸಲ್ಲಿ ಒಂದೆರಡು ವರ್ಷದ ಅಂತರ ಸಣ್ಣದಲ್ಲ. ಅದರ ಮೇಲೆ ಅನುಭವದ ಅಂತರ ಬೇರೆ. ಕಾಲು ಹಿಡಿಯಲು ಬಿಡುವ ಫ್ರೀಸ್ಟೈಲ್ ಕುಸ್ತಿಯಲ್ಲಿ ಒಮ್ಮೆ ಕೆಡವಿದರೆ 2 ಅಂಕ, ಬಿದ್ದವನ ಕಾಲು ಹೆಣೆದು ಹಿಡಿದು ಉರುಳಿಸಿದರೆ ಸಲಕ್ಕೆ ಇನ್ನೆರಡು, ಹೀಗೆ ನಾಲ್ಕು ಸಲ ಉರುಳಿಸಿದರೆ 10 ಅಂಕದ ಅಂತರ ಆಗಿ ಕುಸ್ತಿ ಅಲ್ಲಿಗೇ ಮುಗೀತು. ಪಟ್ಟು ಕೂತಿರುವ ಹುಡುಗನಿಗೆ ಅರ್ಧ ನಿಮಿಷ ಸಾಕು. ಹೊಸಬನಿಗೆ ಕಾಲು ಬಿಡಿಸಿಕೊಳ್ಳೋದನ್ನೇ ಇನ್ನೂ ಕಲಿಸಿರುವುದಿಲ್ಲ. ಸೋಲಿಸಿದವನು ಫೈನಲ್ ತಲುಪಿದರೆ ಮಾತ್ರ ಇವನಿಗೆ ಕಂಚಿಗೆ ಇನ್ನೊಂದು ಅವಕಾಶ. ಇಲ್ಲದಿದ್ದರೆ ಒಂದೇ ಕುಸ್ತಿ ಆಡಿ ಮನೆಗೆ. ಇದರಲ್ಲಿ ಮಗು ಏನು ಕಲಿಯುತ್ತೆ ಹೇಳಿ?

ಮಣ್ಣಿನ ಮೇಲೆ ಆಡೋ ನಮ್ಮ ಮಟ್ಟಿ ಕುಸ್ತಿಯಲ್ಲಿ ಇದಕ್ಕೆ ಒಳ್ಳೆ ಪದ್ಧತಿ ಇದೆ. ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರಲ್ವಾ, ಅದು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮೈಕಟ್ಟು ನೋಡುತ್ತಾರೆ. ಯಾವ ಗರಡಿ, ಇದುವರೆಗೆ ಯಾರ ಜೊತೆ ಆಡಿದ್ದೀಯ ಅಂತ ಕೇಳುತ್ತಾರೆ. ಅನುಭವ ಇರೋ ಉಸ್ತಾದರ ಕಣ್ಣು ಕಿವಿಯ ಮೇಲೂ ಹೋಗುತ್ತೆ. ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಆಡಿದವನ ಕಿವಿ ದಪ್ಪಗಾಗಿ ಮುದುಡಿರುತ್ತೆ, ಅದನ್ನು ಮುಚ್ಚಿಡೋಕಾಗಲ್ಲ.

ಮ್ಯಾಟ್‌ನಲ್ಲೂ ಇಂಥದ್ದು ಮಾಡಬಹುದು. ಒಂದು ವರ್ಷಕ್ಕಿಂತ ಕಡಿಮೆ ಕಲಿತವರನ್ನು ನಾಲ್ಕೈದು ಜನರ ಗುಂಪು ಮಾಡಿ, ಎಲ್ಲರೂ ಎಲ್ಲರ ಜೊತೆ ಆಡಲಿ. ಸೋತವನಿಗೂ ಮೂರು ನಾಲ್ಕು ಕುಸ್ತಿ ಸಿಗುತ್ತೆ. ಒಂದು ತೂಕದಲ್ಲಿ 6ಕ್ಕಿಂತ ಕಡಿಮೆ ಜನ ಇದ್ದರೆ ಈಗಲೂ ಹೀಗೇ ಆಡಿಸುತ್ತಾರೆ, ಹೊಸದೇನಲ್ಲ. ಅಮೆರಿಕದ ಮಕ್ಕಳ ಟೂರ್ನಿಗಳಲ್ಲಿ ಹೊಸಬರಿಗೆ ನೋವಿಸ್ ಅಂತ ಬೇರೆ ವಿಭಾಗವೇ ಇರುತ್ತೆ. ಆದರೆ ನಮ್ಮಲ್ಲಿ ಹೀಗೆ ಗುಂಪು ಮಾಡೋದಾದರೆ ಅನುಭವ ಎಷ್ಟು ಅಂತ ಕೋಚ್ ಬರೆದು ಸಹಿ ಮಾಡಬೇಕು. ಪದಕದ ಆಸೆಗೆ ಎರಡು ವರ್ಷ ಆಡಿದವನನ್ನೂ ಹೊಸಬ ಅಂತ ಇಳಿಸುವವರು ಇದ್ದಾರೆ, ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಗುಂಪಲ್ಲಿ ಗೆದ್ದವನು ಮುಂದಿನ ಸಲ ದೊಡ್ಡ ವಿಭಾಗಕ್ಕೆ ಹೋಗಲೇಬೇಕು.

ಇನ್ನೊಂದು, ಸುಲಭದ ಜೋಡಿ ಸಿಗಲಿ ಅಂತ ಮಗುವನ್ನು ಉಪವಾಸ ಹಾಕಿ ತೂಕ ಇಳಿಸಬೇಡಿ. ಬೆಳೆಯೋ ಮೈ ಅದು. ಮುಂದಿನ ಟೂರ್ನಿಗೆ ಹೆಸರು ಕೊಡುವ ಮೊದಲೇ ನಿಮ್ಮ ಉಸ್ತಾದರನ್ನು ಕರೆದುಕೊಂಡು ಹೋಗಿ ಆಯೋಜಕರ ಹತ್ತಿರ ಮಾತಾಡಿ. ಅಲ್ಲೀವರೆಗೆ, ಬಿದ್ದ ತಕ್ಷಣ ಕಾಲು ಅಗಲಿಸಿ ಮುಂದಕ್ಕೆ ತೆವಳೋದನ್ನು ದಿನಾ ಮಾಡಿಸೋಕೆ ಹೇಳಿ.