ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿನಗಾಗ್‌ನಲ್ಲಿ ದೊಡ್ಡವರ ಓದು

ಪ್ರಶ್ನೆ: ನಾನು ಕಲಬುರಗಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದಾಳೆ. ಬರುವ ಚಳಿಗಾಲವನ್ನು ಅವಳ ಮನೆಯಲ್ಲಿ ಕಳೆಯಲಿದ್ದೇನೆ. ಅವಳ ಮನೆಯ ಸಮೀಪದಲ್ಲೇ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಇದ್ದು, ಅಲ್ಲಿ ದೊಡ್ಡವರಿಗಾಗಿ ತರಗತಿ, ಉಪನ್ಯಾಸ, ಸಂಗೀತ ಕಾರ್ಯಕ್ರಮ ನಡೆಯುತ್ತವೆ, ಎಲ್ಲರಿಗೂ ಪ್ರವೇಶವಿದೆ ಎಂದು ಫಲಕ ಹಾಕಿದ್ದಾರಂತೆ. ನನಗೆ ಹೋಗುವ ಆಸೆಯಿದೆ. ಲಿಂಗಾಯತರ ಮನೆಯ ಹೆಣ್ಣುಮಗಳು ಅಲ್ಲಿಗೆ ಹೋಗಬಹುದೇ? ಮತಾಂತರದ ಮಾತು ಬಂದೀತೆಂದು ಮನೆಯವರಿಗೆ ಭಯ. ಅಲ್ಲಿ ಏನು ಕಲಿಸುತ್ತಾರೆ, ಹೇಗೆ ನಡೆದುಕೊಳ್ಳಬೇಕು, ತಿಳಿಸಿರಿ.
— ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಅಕ್ಕನವರೇ, ಅವಶ್ಯವಾಗಿ ಹೋಗಿರಿ. ಮನೆಯವರ ಭಯಕ್ಕೆ ಕಾರಣವಿಲ್ಲ. ಯಹೂದಿ ಧರ್ಮದಲ್ಲಿ ಅನ್ಯರನ್ನು ತಮ್ಮ ಮತಕ್ಕೆ ಕರೆತರುವ ಪದ್ಧತಿ ಇಲ್ಲ. ತಾವಾಗಿಯೇ ಸೇರಬೇಕೆಂದು ಬಂದವರನ್ನು ಕೂಡ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಕೂಡಲೇ ಒಪ್ಪಿಕೊಳ್ಳದೆ ತಿಂಗಳುಗಟ್ಟಲೆ ಓದಿಸಿ, ಮತ್ತೆ ಮತ್ತೆ ಯೋಚಿಸಲು ಹೇಳಿ ಪರೀಕ್ಷಿಸುತ್ತಾರೆ. ಮುಕ್ತ ತರಗತಿಗಳಿಗೆ ಯಹೂದಿಗಳನ್ನು ಮದುವೆಯಾದ ಅನ್ಯಧರ್ಮೀಯರು, ನೆರೆಹೊರೆಯವರು, ಕುತೂಹಲದಿಂದ ಬಂದವರು ಎಲ್ಲರೂ ಬರುತ್ತಾರೆ. ನಿಮ್ಮ ಧರ್ಮ ಯಾವುದೆಂದು ಕೇಳಿದರೆ ಅದು ಪರಿಚಯಕ್ಕಾಗಿ ಮಾತ್ರ ಎಂದು ತಿಳಿಯಿರಿ.

ಅಲ್ಲಿಯ ಓದಿನ ತಿರುಳು ಟೋರಾ. ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಐದು ಗ್ರಂಥಗಳನ್ನು 54 ಭಾಗ ಮಾಡಿಕೊಂಡು, ವಾರವಾರ ಓದುತ್ತ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಬರುವ ಸಿಂಹತ್ ಟೋರಾ ಹಬ್ಬದ ದಿನ ಕೊನೆಯ ಸಾಲುಗಳನ್ನು ಓದಿ, ಕೂಡಲೇ ಆದಿಕಾಂಡದ ಮೊದಲ ಸಾಲಿನಿಂದ ಮತ್ತೆ ಆರಂಭಿಸುತ್ತಾರೆ. ನೀವು ಹೋಗುವ ಚಳಿಗಾಲ ಒಳ್ಳೆಯ ಸಮಯ. ಡಿಸೆಂಬರ್ ಹೊತ್ತಿಗೆ ಅಣ್ಣಂದಿರೇ ಮಾರಿಬಿಟ್ಟ ಯೋಸೇಫನ ಕಥೆ ಬರುತ್ತದೆ. ಜನವರಿಯಲ್ಲಿ ಮೋಶೆಯ ಕಥೆ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯ ಕಥೆ. ಕನ್ನಡ ಬೈಬಲ್ಲಿನ ಮೊದಲ ಐದು ಪುಸ್ತಕಗಳು ಇವೇ ಆಗಿರುವುದರಿಂದ, ಹೊರಡುವ ಮೊದಲು ಆದಿಕಾಂಡವನ್ನೂ ವಿಮೋಚನಕಾಂಡದ ಅರ್ಧವನ್ನಾದರೂ ಕನ್ನಡದಲ್ಲೇ ಓದಿಕೊಳ್ಳಿರಿ. ಇಂಗ್ಲಿಷಿನ ವೇಗಕ್ಕೆ ಅಂಜಬೇಕಾಗಿಲ್ಲ, ಕಥೆ ಗೊತ್ತಿದ್ದವರಿಗೆ ಚರ್ಚೆ ತಾನಾಗಿ ತಿಳಿಯುತ್ತದೆ. ಎಲ್ಲರ ಕೈಯಲ್ಲೂ ಪುಸ್ತಕವಿರುತ್ತದೆ; ಒಬ್ಬರು ನಾಲ್ಕು ಸಾಲು ಗಟ್ಟಿಯಾಗಿ ಓದುತ್ತಾರೆ, ರಬ್ಬಿ ತಡೆದು ನಿಲ್ಲಿಸಿ, ಈ ಮನುಷ್ಯ ಇಲ್ಲಿ ಯಾಕೆ ಸುಮ್ಮನಿದ್ದ ಎಂದು ಕೇಳುತ್ತಾರೆ. ಒಂದು ಗಂಟೆಯಲ್ಲಿ ಎರಡು ವಾಕ್ಯ ದಾಟದೆ ಹೋಗುವುದೂ ಉಂಟು. ಅದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ.

ಹೀಬ್ರೂ ಅಕ್ಷರಗಳ ತರಗತಿಯಿದ್ದರೆ ಅದಕ್ಕೂ ಸೇರಿಕೊಳ್ಳಿರಿ. ಅಕ್ಷರಗಳು 22 ಮಾತ್ರ. ಬರಹ ಬಲದಿಂದ ಎಡಕ್ಕೆ. ಉರ್ದು ಓದಬಲ್ಲ ನಮ್ಮ ಭಾಗದ ಹಿರಿಯರಿಗೆ ಇದು ಇತರರಿಗಿಂತ ಬೇಗ ಹಿಡಿತಕ್ಕೆ ಬರುತ್ತದೆ, ಏಕೆಂದರೆ ಹ್ರಸ್ವ ಸ್ವರಗಳನ್ನು ಬರೆಯದೆ ಓದುಗರ ತಿಳಿವಳಿಕೆಗೆ ಬಿಡುವ ಪದ್ಧತಿ ಎರಡರಲ್ಲೂ ಇದೆ. ಕಲಿಯುವವರಿಗಾಗಿ ಅಚ್ಚಾದ ಪುಸ್ತಕಗಳಲ್ಲಿ ಅಕ್ಷರಗಳ ಕೆಳಗೆ ಮೇಲೆ ಚುಕ್ಕೆಗಳನ್ನಿಟ್ಟು ಸ್ವರ ತೋರಿಸುತ್ತಾರೆ. ಆದರೆ ಪೂಜಾಸ್ಥಳದಲ್ಲಿಟ್ಟ ಟೋರಾದ ಚರ್ಮದ ಸುರುಳಿಯಲ್ಲಿ ಆ ಚುಕ್ಕೆಯೂ ಇಲ್ಲ, ವಾಕ್ಯ ಮುಗಿದ ಗುರುತೂ ಇಲ್ಲ, ರಾಗದ ಚಿಹ್ನೆಯೂ ಇಲ್ಲ. ಓದುವವರು ಅದೆಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡು ಬರಬೇಕು. ಸುರುಳಿಯನ್ನು ಬರಿಗೈಯಿಂದ ಮುಟ್ಟುವುದಿಲ್ಲವಾದ್ದರಿಂದ, ತುದಿಯಲ್ಲಿ ಪುಟ್ಟ ಕೈಬೆರಳಿನ ಆಕಾರವಿರುವ ಕಡ್ಡಿಯನ್ನು, ಹೆಚ್ಚಾಗಿ ಬೆಳ್ಳಿಯದನ್ನು, ಸಾಲಿನುದ್ದಕ್ಕೂ ನಡೆಸುತ್ತ ಓದುತ್ತಾರೆ. ಪಕ್ಕದಲ್ಲಿ ನಿಂತವರು ಅಚ್ಚಿನ ಪುಸ್ತಕ ಹಿಡಿದು, ಉಚ್ಚಾರ ತಪ್ಪಿದರೆ ಅಲ್ಲೇ ತಿದ್ದುತ್ತಾರೆ, ಓದುವವರು ಮತ್ತೆ ಓದಿ ಮುಂದೆ ಸಾಗುತ್ತಾರೆ. ನೆರೆದವರೆಲ್ಲರ ಎದುರು ತಿದ್ದಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ ಎಂಬ ನಡವಳಿಕೆ ನನಗೆ ಬಹಳ ಮೆಚ್ಚಿಗೆಯಾದದ್ದು.

ಈ ಓದಿನಲ್ಲಿ ಹೆಂಗಸರ ಪಾಲು ಇತ್ತೀಚಿನದು. ಹುಡುಗರಿಗೆ 13ನೆಯ ವಯಸ್ಸಿನಲ್ಲಿ ಟೋರಾ ಓದಿಸಿ ಸಮುದಾಯದ ಹೊಣೆಗೆ ಸೇರಿಸಿಕೊಳ್ಳುವ ಕ್ರಮ ಹಳೆಯದು. ಅಮೆರಿಕದಲ್ಲಿ ಹುಡುಗಿಯೊಬ್ಬಳಿಗೆ ಅಂಥ ಅವಕಾಶ ದೊರೆತದ್ದು 1922ರ ಮಾರ್ಚ್‌ನಲ್ಲಿ. ನ್ಯೂಯಾರ್ಕಿನ ಜೂಡಿತ್ ಕಪ್ಲಾನ್ ಎಂಬ ಆ ಬಾಲಕಿ ರಬ್ಬಿ ಮೊರ್ದೆಕೈ ಕಪ್ಲಾನರ ಮಗಳು. ಚಿಕ್ಕಂದಿನಲ್ಲಿ ಅವಕಾಶವಿಲ್ಲದೆ ಬೆಳೆದ ಎಷ್ಟೋ ಹೆಣ್ಣುಮಕ್ಕಳು ಅರವತ್ತು, ಎಪ್ಪತ್ತು ದಾಟಿದ ಮೇಲೆ ಅಕ್ಷರದಿಂದ ಆರಂಭಿಸಿ, ಕೊನೆಗೆ ಮೊಮ್ಮಕ್ಕಳ ಎದುರು ಸುರುಳಿ ಬಿಚ್ಚಿ ಓದುತ್ತಾರೆ. ಅಂಥ ಸಮಾರಂಭಕ್ಕೆ ಆಹ್ವಾನ ಬಂದರೆ ದಯವಿಟ್ಟು ತಪ್ಪಿಸಿಕೊಳ್ಳಬೇಡಿರಿ.

ಇನ್ನು ನಡವಳಿಕೆ. ಹೋಗುವ ಮೊದಲು ಮಗಳಿಂದ ಕಚೇರಿಗೆ ಫೋನ್ ಮಾಡಿಸಿ ಹೆಸರು ನೋಂದಾಯಿಸಿರಿ, ಶುಲ್ಕವಿದೆಯೇ ಎಂದೂ ಕೇಳಿರಿ. 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್ ನಗರದ ಸಿನಗಾಗ್‌ನಲ್ಲಿ 11 ಜನರನ್ನು ಗುಂಡಿಕ್ಕಿ ಕೊಂದ ಮೇಲೆ ಬಾಗಿಲಲ್ಲಿ ಕಾವಲು ಬಿಗಿಯಾಗಿದೆ. ಗುರುತಿನ ಚೀಟಿ ಕೇಳಿದರೆ ಬೇಸರಪಡಬೇಡಿರಿ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಅಂದರೆ ಅವರ ವಾರದ ವಿಶ್ರಾಂತಿಯ ದಿನ. ಸಂಪ್ರದಾಯಸ್ಥರು ಆ ಹೊತ್ತಿನಲ್ಲಿ ಬರೆಯುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಶನಿವಾರದ ತರಗತಿಗೆ ಹೋದರೆ ನೀವೂ ಟಿಪ್ಪಣಿ ಪುಸ್ತಕವನ್ನು ಚೀಲದಿಂದ ಹೊರತೆಗೆಯದಿರುವುದು ಒಳ್ಳೆಯದು. ಸಂಪ್ರದಾಯಸ್ಥರ ಸಿನಗಾಗ್‌ಗಳಲ್ಲಿ ಪ್ರಾರ್ಥನೆಯ ವೇಳೆ ಗಂಡಸರು ಹೆಂಗಸರು ಬೇರೆಬೇರೆ ಕುಳಿತುಕೊಳ್ಳುತ್ತಾರೆ, ಸುಧಾರಣಾವಾದಿಗಳಲ್ಲಿ ಒಟ್ಟಿಗೆ. ಸೀರೆ ಉಟ್ಟು ಹೋಗಬಹುದು. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮನೆಯಿಂದ ಶೇಂಗಾ ಹೋಳಿಗೆಯನ್ನೋ ಚಕ್ಕುಲಿಯನ್ನೋ ಪ್ರೀತಿಯಿಂದ ಮಾಡಿಕೊಂಡು ಹೋಗಿ ಹಂಚುವ ನಮ್ಮ ರೂಢಿಯನ್ನು ಅಲ್ಲಿ ಕೇಳದೆ ಪಾಲಿಸಬೇಡಿರಿ. ಅವರ ಅಡುಗೆಮನೆಗೆ ಕೋಷರ್ ಎಂಬ ಧಾರ್ಮಿಕ ಆಹಾರ ನಿಯಮವಿರುತ್ತದೆ. ಹಾಲಿನದಕ್ಕೂ ಮಾಂಸದ್ದಕ್ಕೂ ಪಾತ್ರೆಗಳೇ ಬೇರೆ. ಅವರು ಕೊಟ್ಟದ್ದರಲ್ಲಿ ಮಾಂಸವಿದೆಯೇ ಎಂದು ನೀವು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಹಾರದ ವಿಷಯದಲ್ಲಿ ವಿಚಾರಿಸಿ ತಿನ್ನುವುದು ಅವರಿಗೂ ನಿತ್ಯದ ಮಾತು.

ಪ್ರಶ್ನೆ: ನಮ್ಮೂರಿನಲ್ಲಿ ಶ್ರಾವಣ ಮಾಸವಿಡೀ ಪ್ರವಚನ ನಡೆಯುತ್ತದೆ. ಜನ ಭಕ್ತಿಯಿಂದ ಬಂದು ಕೇಳಿ, ಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ. ಸಿನಗಾಗ್‌ಗಳಲ್ಲಿ ವಯಸ್ಸಾದವರು ಸಹ ಇಬ್ಬಿಬ್ಬರಾಗಿ ಕುಳಿತು ವಾದಿಸುತ್ತ ಓದುತ್ತಾರೆಂದು ಕೇಳಿದ್ದೇನೆ. ಅದು ನಿಜವೇ? ವಚನಗಳ ಓದಿಗೆ ಆ ಕ್ರಮ ಒಗ್ಗೀತೇ?
— ಓದುಗರೊಬ್ಬರು, ಬಸವಕಲ್ಯಾಣ, ಬೀದರ ಜಿಲ್ಲೆ

ಉತ್ತರ: ನಿಜ. ಹವ್ರುತಾ ಎಂಬ ಆ ಜೋಡಿ ಓದು ತಾಲ್ಮುದ್ ಅಧ್ಯಯನದ ಬೆನ್ನೆಲುಬು. ತಾಲ್ಮುದ್ ಎಂದರೆ ಯಹೂದಿ ವಿದ್ವಾಂಸರು ಶತಮಾನಗಳ ಕಾಲ ನಡೆಸಿದ ಚರ್ಚೆಗಳ ಸಂಗ್ರಹ. ಅದರ ಪುಟವನ್ನು ನೋಡಿದರೇ ಅವರ ಮನೋಧರ್ಮ ತಿಳಿಯುತ್ತದೆ. ನಡುವೆ ಮೂಲಪಾಠ; ಒಂದು ಮಗ್ಗುಲಲ್ಲಿ ಫ್ರಾನ್ಸಿನ ತ್ರುವಾ ಪಟ್ಟಣದ ರಾಶಿ (1040–1105) ಬರೆದ ವ್ಯಾಖ್ಯಾನ; ಇನ್ನೊಂದು ಮಗ್ಗುಲಲ್ಲಿ ಆತನ ಮೊಮ್ಮಕ್ಕಳೂ ಅವರ ನಂತರದವರೂ ಎತ್ತಿದ ಆಕ್ಷೇಪಗಳು. ತಾತನ ಮಾತನ್ನು ಮೊಮ್ಮಕ್ಕಳು ಒಪ್ಪದಿದ್ದರೆ ಆ ಭಿನ್ನಮತವೂ ಅದೇ ಪುಟದಲ್ಲಿ ಅಚ್ಚಾಗಿರುತ್ತದೆ. ಇಬ್ಬರು ಎದುರುಬದುರು ಕುಳಿತು, ಒಬ್ಬ ಓದಿ ಅರ್ಥ ಹೇಳುತ್ತಾನೆ. ಇನ್ನೊಬ್ಬನ ಕೆಲಸ ಆ ಅರ್ಥ ಎಲ್ಲಿ ನಿಲ್ಲುವುದಿಲ್ಲ ಎಂದು ತೋರಿಸುವುದು. ಪುಸ್ತಕ ಇಬ್ಬರ ಮುಂದೆಯೂ ತೆರೆದಿರುವುದರಿಂದ ಮಾತು ವೈಯಕ್ತಿಕ ಜಗಳಕ್ಕೆ ತಿರುಗದೆ ಪಾಠಕ್ಕೆ ಮರಳುತ್ತದೆ.

ಎರಡು ಸಾವಿರ ವರ್ಷಗಳ ಹಿಂದಿನ ಹಿಲ್ಲೆಲ್ ಮತ್ತು ಶಮ್ಮೈ ಎಂಬ ಗುರುಗಳ ಪರಂಪರೆಗಳು ನೂರಾರು ವಿಷಯಗಳಲ್ಲಿ ಭಿನ್ನಮತ ಹೊಂದಿದ್ದವು. ಆಚರಣೆಯಲ್ಲಿ ಬಹುತೇಕ ಹಿಲ್ಲೆಲ್ ಶಿಷ್ಯರ ಮತವೇ ಉಳಿಯಿತು. ಅದಕ್ಕೆ ತಾಲ್ಮುದ್ ಕೊಡುವ ಕಾರಣ, ಅವರು ಸೌಮ್ಯರಾಗಿದ್ದು, ಎದುರು ಪಕ್ಷದ ಮಾತನ್ನು ಮೊದಲು ಹೇಳಿ ಆಮೇಲೆ ತಮ್ಮ ಮಾತನ್ನು ಹೇಳುತ್ತಿದ್ದರು ಎಂಬುದು. ನೀವು ಗುಂಪು ಕಟ್ಟಿದರೆ ಈ ಒಂದು ನಿಯಮವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿರಿ.

ಓದು ಬಿಟ್ಟುಹೋದ ದೊಡ್ಡವರನ್ನು ಮರಳಿ ತರುವ ಬಗ್ಗೆ ಅವರಲ್ಲಿ ಗಂಭೀರವಾದ ಪ್ರಯತ್ನಗಳು ನಡೆದಿವೆ. 1920ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫ್ರಾಂಜ್ ರೋಜೆನ್‌ಜ್ವೈಗ್ ಎಂಬ ತತ್ತ್ವಜ್ಞಾನಿ ವಯಸ್ಕರಿಗಾಗಿ ಮುಕ್ತ ಅಧ್ಯಯನ ಮಂದಿರವೊಂದನ್ನು ನಡೆಸಲು ತೊಡಗಿದರು. ವಕೀಲರು, ವೈದ್ಯರು, ವ್ಯಾಪಾರಿಗಳು ತಮ್ಮ ಧರ್ಮಗ್ರಂಥದಿಂದ ದೂರವಾಗಿದ್ದ ಕಾಲ ಅದು. ದೂರವಿರುವುದನ್ನು ತಪ್ಪೆಂದು ಬಯ್ಯದೆ, ಬದುಕಿನಲ್ಲಿ ಎದ್ದ ಪ್ರಶ್ನೆಯನ್ನೇ ಹಿಡಿದುಕೊಂಡು ಪಠ್ಯದ ಹತ್ತಿರ ಬನ್ನಿ ಎಂದು ಅವರು ಕರೆದರು. ಕೆಲವು ವರ್ಷ ನಡೆದು ನಿಂತಿದ್ದ ಆ ಮಂದಿರವನ್ನು, ಹಿಟ್ಲರನ ಆಡಳಿತ ಬಂದ 1933ರಲ್ಲಿ, ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರದೂಡುತ್ತಿದ್ದಾಗ ಮಾರ್ಟಿನ್ ಬೂಬರ್ ಮತ್ತೆ ತೆರೆದರು. ಎಲ್ಲ ಬಾಗಿಲುಗಳೂ ಮುಚ್ಚುತ್ತಿದ್ದಾಗ ಒಂದು ಜನ ಓದಿನ ಬಾಗಿಲನ್ನು ತೆರೆದುಕೊಂಡದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಓದನ್ನು ನಿತ್ಯದ ರೂಢಿಯಾಗಿಸುವ ಇನ್ನೊಂದು ಉಪಾಯ 1923ರಲ್ಲಿ ರಬ್ಬಿ ಮೇಯರ್ ಶಪೀರೊ ಆರಂಭಿಸಿದ್ದು: ಲೋಕದಲ್ಲಿ ಎಲ್ಲೇ ಇದ್ದರೂ ಎಲ್ಲರೂ ದಿನಕ್ಕೆ ತಾಲ್ಮುದ್‌ನ ಅದೇ ಒಂದು ಹಾಳೆಯನ್ನು ಓದುವುದು. ಹಾಳೆಗಳು 2,711, ಮುಗಿಯಲು ಸುಮಾರು ಏಳೂವರೆ ವರ್ಷ. 2020ರ ಜನವರಿಯಲ್ಲಿ ಆರಂಭವಾದ 14ನೆಯ ಸುತ್ತು 2027ರ ಜೂನ್‌ಗೆ ಮುಗಿಯುತ್ತದೆ.

ವಚನಗಳಿಗೆ ಈ ಕ್ರಮ ಒಗ್ಗುತ್ತದೆಯೇ ಎಂದು ಅನುಭವ ಮಂಟಪದ ಊರಿನವರಾದ ನೀವೇ ಕೇಳುತ್ತೀರಿ. ಕೇಳಿ ಕೇಳಿಸಿಕೊಂಡು ನಡೆದ ಗೋಷ್ಠಿಯ ಪರಂಪರೆ ನಿಮ್ಮ ನೆಲದಲ್ಲೇ ಇದೆ. ಈಗ ಉಳಿದಿರುವುದು ಕೇಳಿಸಿಕೊಳ್ಳುವ ಅರ್ಧ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರವಚನವನ್ನು ನಿಲ್ಲಿಸಬೇಕಿಲ್ಲ. ಅದು ಆರಂಭವಾಗುವ ಮೊದಲಿನ ಮುಕ್ಕಾಲು ಗಂಟೆಯನ್ನು ಸ್ವಾಮಿಗಳಿಂದ ಕೇಳಿ ಪಡೆಯಿರಿ. ಒಂದೇ ಒಂದು ವಚನವನ್ನು ದೊಡ್ಡ ಅಕ್ಷರದಲ್ಲಿ ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿ, ಇಬ್ಬಿಬ್ಬರನ್ನು ಎದುರುಬದುರು ಕೂಡಿಸಿರಿ. ಓದು ಬಾರದ ತಾಯಂದಿರ ಜೊತೆಗೆ ಓದು ಬಲ್ಲವರು ಕುಳಿತುಕೊಳ್ಳಲಿ. ವಚನ ಬಾಯಲ್ಲಿದ್ದವರು ಅವರೇ ಆಗಿರುವುದು ಹೆಚ್ಚು. ತಾವು ಒಪ್ಪದ ಅಥವಾ ತಮಗೆ ತಿಳಿಯದ ಒಂದು ಸಾಲನ್ನು ಪ್ರತಿ ಜೋಡಿಯೂ ಹೇಳಲೇಬೇಕು ಎಂದು ಗೊತ್ತುಮಾಡಿರಿ. ಆ ಸಾಲುಗಳನ್ನೆಲ್ಲ ಬರೆದುಕೊಂಡು ಪ್ರವಚನಕಾರರ ಕೈಗೆ ಕೊಟ್ಟರೆ, ಅಂದಿನ ಪ್ರವಚನ ಜನರ ಪ್ರಶ್ನೆಯಿಂದಲೇ ಹೊರಡುತ್ತದೆ.

ಪ್ರಶ್ನೆ: ನಮ್ಮ ಕಡೆ ಸಿನಗಾಗ್ ಎಲ್ಲಿದೆ? ಭಾರತದ ಯಹೂದಿಗಳಲ್ಲಿ ಹಾಡು, ಕಥೆಯಂಥ ಕಾರ್ಯಕ್ರಮಗಳಿವೆಯೇ? ನಾನು ಭಜನಾ ಮಂಡಳಿಯವನು.
— ಓದುಗರೊಬ್ಬರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ನಮ್ಮ ಮೂರು ಜಿಲ್ಲೆಗಳಲ್ಲಿ ಇಲ್ಲ. ರೈಲಿನಲ್ಲಿ ನೇರವಾಗಿ ಹೋಗಿಬರಲು ಅನುಕೂಲವಾದದ್ದು ಪುಣೆ. ಅಲ್ಲಿ 1867ರಲ್ಲಿ ಪೂರ್ಣಗೊಂಡ ಓಹೆಲ್ ಡೇವಿಡ್ ಸಿನಗಾಗ್ ಇದೆ. ಕೆಂಪು ಇಟ್ಟಿಗೆಯ ಎತ್ತರದ ಗೋಪುರದಿಂದಾಗಿ ಊರಿನವರು ಅದನ್ನು ಲಾಲ್ ದೇವಳ್ ಎನ್ನುತ್ತಾರೆ. ಕಟ್ಟಿಸಿದ ಡೇವಿಡ್ ಸಸೂನ್ ಅವರ ಸಮಾಧಿಯೂ ಅದೇ ಆವರಣದಲ್ಲಿದೆ.

ಭಜನಾ ಮಂಡಳಿಯವರಾದ ನೀವು ತಿಳಿಯಬೇಕಾದದ್ದು ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಕೀರ್ತನೆಯನ್ನು. ಅಲಿಬಾಗ್ ಸುತ್ತಲ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಶನಿವಾರ ತೇಲಿ ಎಂದೇ ಹೆಸರಾಗಿದ್ದ ಈ ಜನ ಮನೆಯಲ್ಲಿ ಆಡಿದ್ದು ಮರಾಠಿ. 1880ರ ಸುಮಾರಿಗೆ ಅವರಲ್ಲಿ ಕೆಲವರು, ನೆರೆಯ ಹಿಂದೂ ಕೀರ್ತನಕಾರರ ರೀತಿಯನ್ನೇ ಹಿಡಿದು, ಅಬ್ರಹಾಮ, ಯೋಸೇಫ, ಮೋಶೆಯರ ಕಥೆಗಳನ್ನು ಮರಾಠಿ ಪದ್ಯಗಳಲ್ಲಿ ಕಟ್ಟಿ ಹಾಡತೊಡಗಿದರು. ಹೀಬ್ರೂ ಬಾರದ ಹಿರಿಯರಿಗೂ ಹೆಂಗಸರಿಗೂ ಗ್ರಂಥದ ಕಥೆ ತಲುಪಿದ್ದು ಹೀಗೆ. 1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು, ಆದರೂ ಆ ಹಾಡುಗಳನ್ನು ಉಳಿಸಿಕೊಂಡವರಲ್ಲಿ ಹೆಂಗಸರ ಗುಂಪುಗಳೇ ಮುಂದು. ಪ್ರವಾದಿ ಎಲೀಯನ ಹೆಸರಿನಲ್ಲಿ ಹರಕೆಗೆ, ಮದುವೆಗೆ ಅವರು ಮಾಡುವ ಮಲಿದಾ ಎಂಬ ಪ್ರಸಾದದ ಹೆಸರು ನಮ್ಮ ಹಳ್ಳಿಗಳ ಮೊಹರಂನಲ್ಲಿಯೂ ಕೇಳುವಂಥದು. ನಮ್ಮದು ರೊಟ್ಟಿ ಚಪಾತಿಯನ್ನು ಮುರಿದು ಬೆಲ್ಲ ಬೆರೆಸಿದ್ದು. ಅವರದು ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಸೇರಿಸಿದ್ದು.

ಪುಣೆಗೆ ಹೋಗುವುದಾದರೆ ಸಿನಗಾಗ್‌ನ ಆಡಳಿತ ಮಂಡಳಿಗೆ ಮುಂಚಿತವಾಗಿ ತಿಳಿಸಿ ಅನುಮತಿ ಪಡೆಯಿರಿ. 2008ರ ನವೆಂಬರಿನಲ್ಲಿ ಮುಂಬಯಿಯ ಯಹೂದಿ ಕೇಂದ್ರದ ಮೇಲೆ ನಡೆದ ದಾಳಿಯ ನಂತರ ಅಪರಿಚಿತರನ್ನು ಹಾಗೆಯೇ ಒಳಗೆ ಬಿಡುವುದಿಲ್ಲ. ಆಧಾರ್ ಕಾರ್ಡ್ ಜೊತೆಯಲ್ಲಿರಲಿ, ತಲೆಗೆ ಟೋಪಿಯೋ ಕರವಸ್ತ್ರವೋ ಇರಲಿ. ಶುಕ್ರವಾರ ಸಂಜೆ ಮತ್ತು ಶನಿವಾರ ಬಿಟ್ಟು ಬೇರೆ ದಿನ ಹೋದರೆ ಕುಳಿತು ಮಾತನಾಡಲು ಅವರಿಗೂ ಬಿಡುವಿರುತ್ತದೆ. ಕೀರ್ತನೆಯ ಬಗ್ಗೆ ಕೇಳಲು ಬಂದಿದ್ದೇನೆಂದು ಮೊದಲೇ ಹೇಳಿರಿ; ಹಾಡಬಲ್ಲ ಹಿರಿಯರು ಆ ಊರಿನಲ್ಲಿದ್ದರೆ ಅವರ ಬಳಿಗೆ ದಾರಿ ತೋರಿಸಬಲ್ಲವರು ಅವರೇ.