ಮೊಬೈಲಿನಲ್ಲಿ ಮಾತುಗಾರ, ನೆಂಟರೆದುರು ಮೌನಿ: ಕಾರಣ ಜಾಲತಾಣವೇ?

ಪಿಯುಸಿ ಓದುವ ನಿಮ್ಮ ತಮ್ಮ ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲರೊಂದಿಗೂ ಹರಟುತ್ತಾನೆ, ಮನೆಗೆ ನೆಂಟರು ಬಂದರೆ ಮಾತ್ರ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಸಾಮಾಜಿಕ ಜಾಲತಾಣವೇ ಅವನ ಮಾತನ್ನು ಕಸಿದುಕೊಂಡಿತೇ ಎಂದು ಕೇಳಿದ್ದೀರಿ. ಮಲೆನಾಡಿನ ಸಾಗರ ಊರಿನ ಕಡೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನನಗೆ ಇಂಥ ಹುಡುಗರು ದಿನವೂ ಸಿಗುತ್ತಾರೆ. ಜಾಲತಾಣದ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ಮಕ್ಕಳು ಮಾತು ಕಲಿಯುತ್ತಿದ್ದ ಸಂದರ್ಭಗಳನ್ನು ಮೊದಲು ಮೊಬೈಲಿಗೆ ಒಪ್ಪಿಸಿದವರು ನಾವು ಹಿರಿಯರು.

ಮದುವೆಯ ಕರೆಯನ್ನೇ ನೋಡಿ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿಲ್ಲ. ತೋಟದಾಚೆ ಒಂದು, ಗುಡ್ಡದಾಚೆ ಇನ್ನೊಂದು. ಶುಭಕಾರ್ಯವಿದ್ದರೆ ಕರೆಯಲು ಹೋಗುವ ದೊಡ್ಡವರ ಜೊತೆ ಮನೆಯ ಹುಡುಗನನ್ನೂ ಕಳಿಸುತ್ತಿದ್ದರು. ಅಂಗಳದಲ್ಲಿ ಕಾಲು ತೊಳೆದು, ಆಸರಿಗೆ ಕೊಟ್ಟದ್ದನ್ನು ಕುಡಿದು, ಯಾರ ಮಗ, ಏನು ಓದುತ್ತಿದ್ದೀಯ ಎಂಬುದಕ್ಕೆಲ್ಲ ಅವನೇ ಉತ್ತರಿಸಬೇಕಿತ್ತು. ಕಿವಿ ಮಂದವಾದ ಅಜ್ಜಿಗೆ ಎರಡು ಸಲ ಹೇಳಬೇಕು. ಹಳೆಯ ಮುನಿಸಿರುವ ಮನೆಯಲ್ಲಿ ಯಾವ ಮಾತು ಎತ್ತಬಾರದೆಂದು ಮುಖ ನೋಡಿಯೇ ತಿಳಿಯಬೇಕು. ಈಗ ಆಮಂತ್ರಣ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ, ಉತ್ತರವಾಗಿ ಕೈಮುಗಿಯುವ ಚಿತ್ರ ಬರುತ್ತದೆ. ಈ ಬದಲಾವಣೆ ಹುಡುಗರು ತಂದದ್ದಲ್ಲ.

ಟೈಪ್ ಮಾಡಿದ ಮಾತನ್ನು ಅಳಿಸಬಹುದು, ಇಷ್ಟವಾಗದವರನ್ನು ಬ್ಲಾಕ್ ಮಾಡಬಹುದು, ಉತ್ತರವನ್ನು ನಾಳೆಗೆ ಮುಂದೂಡಬಹುದು. ಅತ್ತೆ ಎದುರಿಗೆ ಕುಳಿತು ಎಷ್ಟು ಅಂಕ ಬಂತು ಎಂದು ಕೇಳಿದಾಗ ಇವು ಯಾವುವೂ ನಡೆಯುವುದಿಲ್ಲ. ಕೋಣೆ ಸೇರುವುದನ್ನು ಮನೆಯವರು ಸೊಕ್ಕು ಎನ್ನುತ್ತಾರೆ; ನನಗೆ ಅದರಲ್ಲಿ ಕಾಣುವುದು ಭಯ.

ರೂಢಿ ತಪ್ಪಿದ್ದು ಮತ್ತೆ ಬರುತ್ತದೆ ಎಂಬುದಕ್ಕೆ ಆಧಾರವೂ ಇದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರನೇ ತರಗತಿಯ 51 ಮಕ್ಕಳು 5 ದಿನ ಪರದೆಯೇ ಇಲ್ಲದ ಶಿಬಿರದಲ್ಲಿದ್ದರು. ಎಂದಿನಂತೆ ಮೊಬೈಲ್, ಟಿವಿ ನೋಡುತ್ತಿದ್ದ ಮಕ್ಕಳಿಗಿಂತ ಇವರು ಮುಖಭಾವ ಗುರುತಿಸುವುದರಲ್ಲಿ ಹೆಚ್ಚು ಸುಧಾರಿಸಿದರು. ಚಿಕ್ಕ ಅಧ್ಯಯನ, ನಿಜ. ಜೊತೆಯಲ್ಲಿ ಉಂಡು ಆಡಿದ್ದರ ಫಲವೂ ಅದರಲ್ಲಿ ಸೇರಿರಬೇಕು.

ಹಾಗೆಂದು ಮೊಬೈಲ್ ಕಿತ್ತಿಡಬೇಡಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಒಂಟಿಮನೆಯ ಮಕ್ಕಳಿಗೆ ಗೆಳೆಯರ ಸಂಗ ಸಿಗುವುದು ಅದರಲ್ಲೇ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿಯರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೊಗಸಾಗಿ ವಾದಿಸುವುದನ್ನು ಕಂಡು ಸಂತೋಷಪಟ್ಟಿದ್ದೇನೆ.

ಅವನಿಗೆ ಮಾತಿನ ಕೆಲಸ ಕೊಡಿ. ಅಪ್ಪನ ಜೊತೆ ಅಡಿಕೆ ಮಂಡಿಗೆ ಹೋಗಲಿ, ಧಾರಣೆ ಅವನೇ ಕೇಳಲಿ. ಕರೆಂಟ್ ಹೋದಾಗ ಮೆಸ್ಕಾಂಗೆ ಅವನೇ ಫೋನ್ ಮಾಡಲಿ. ಹತ್ತಿರದಲ್ಲೆಲ್ಲಾದರೂ ತಾಳಮದ್ದಲೆ (ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇದ್ದರೆ ಕರೆದುಕೊಂಡು ಹೋಗಿ: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ; ಎದುರಿನ ಅರ್ಥಧಾರಿಯ, ಅಂದರೆ ಪಾತ್ರವಾಗಿ ಮಾತಾಡುವವರ, ಪ್ರಶ್ನೆಗೆ ಕುಳಿತಲ್ಲೇ ಉತ್ತರ ಹುಟ್ಟಬೇಕು. ನೆಂಟರೆದುರು 'ಇವನಿಗೆ ಮಾತೇ ಬರುವುದಿಲ್ಲ' ಎನ್ನುವುದನ್ನು ಮನೆಯವರು ಇಂದೇ ನಿಲ್ಲಿಸಲಿ. ಚಹಾ ಕೊಡುವ ನೆಪದಲ್ಲಿ ಅವನು ಐದು ನಿಮಿಷ ಕುಳಿತರೂ ಸಾಕು. ಆಮೇಲೆ ಎದ್ದು ಹೋದರೆ ತಡೆಯಬೇಡಿ.