ಚದುರಂಗದ ಕಾಳಿನ ಲೆಕ್ಕ: 20 ಅಂಕಿಯ ಸಂಖ್ಯೆಯನ್ನು ಕೈಯಲ್ಲೇ ಒಡೆಯಬಹುದೇ?

18446744073709551615 ಅವಿಭಾಜ್ಯ ಸಂಖ್ಯೆಯಾ, ಅಲ್ಲದಿದ್ದರೆ ಅದರ ಅಪವರ್ತನಗಳನ್ನು ಕಂಪ್ಯೂಟರ್ ಇಲ್ಲದೆ ಹುಡುಕಬಹುದಾ ಅಂತ ಕೇಳಿದ್ದೀರಿ. ಅವಿಭಾಜ್ಯ ಅಲ್ಲ. ಕೊನೆಯಲ್ಲಿ 5 ಇದೆ, ಅಷ್ಟು ಸಾಕು. ಆದರೆ ಪೂರ್ತಿ ಒಡೆಯುವುದು ತುಂಬಾ ಚಂದದ ಕೆಲಸ, ಕೈಯಲ್ಲೇ ಆಗುತ್ತದೆ.

ಇದು ಚದುರಂಗದ ಮಣೆಯ ಕಥೆಯ ಸಂಖ್ಯೆ. ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು. ಹೀಗೆ 64 ಮನೆ ತುಂಬಿದರೆ ಒಟ್ಟು 2⁶⁴ − 1 ಕಾಳು. ನಮ್ಮ ಲೆಕ್ಕದಲ್ಲಿ 1,84,467 ಕೋಟಿ ಕೋಟಿಗೂ ಜಾಸ್ತಿ.

ಒಡೆಯಲು ಹೈಸ್ಕೂಲಿನ 'ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್' ಸೂತ್ರ ಸಾಕು. 2⁶⁴ ಅಂದರೆ 2³²ರ ವರ್ಗ ಅಲ್ವಾ? ಹಾಗಾಗಿ 2⁶⁴ − 1 = (2³² + 1)(2³² − 1). ಮೈನಸ್ ಇರುವ ತುಂಡಿಗೆ ಮತ್ತೆ ಅದೇ ಸೂತ್ರ ಹಾಕಿ. ಈರುಳ್ಳಿ ಸಿಪ್ಪೆ ಸುಲಿದ ಹಾಗೆ ಒಂದೊಂದೇ ಬಿಟ್ಟುಕೊಳ್ಳುತ್ತದೆ. ಕೊನೆಗೆ ಸಿಗುವುದು ಇದು:

3 × 5 × 17 × 257 × 65537 × 4294967297

ಮೊದಲ ಐದೂ ಅವಿಭಾಜ್ಯ. ಕೊನೆಯದೇ, ಅಂದರೆ 2³² + 1, ಗಟ್ಟಿ ಕಾಯಿ. ಅದು ಕೂಡ ಅವಿಭಾಜ್ಯವೇ ಇರಬೇಕು ಎಂದು 1640ರ ಹೊತ್ತಿಗೆ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದು 641ರಿಂದ ಭಾಗ ಹೋಗುತ್ತದೆ ಎಂದು ತೋರಿಸಿದರು.

ಯಾಕೆ 641? ಇದು ನನಗೆ ತುಂಬಾ ಇಷ್ಟವಾದ ಭಾಗ, ಪೆನ್ನು ಹಿಡಿದು ಓದಿ. 641 = 625 + 16, ಅಂದರೆ 5⁴ + 2⁴. ಹಾಗಾಗಿ 2⁴ ಇರುವ ಕಡೆ 641 − 5⁴ ಅಂತ ಬರೆಯಬಹುದು. 2³² ಅಂದರೆ 2⁴ × 2²⁸. ಅದು 641 × 2²⁸ − 5⁴ × 2²⁸ ಆಗುತ್ತದೆ. ಈಗ 5⁴ × 2²⁸ ಅಂದರೆ (5 × 2⁷)ರ ನಾಲ್ಕನೇ ಘಾತ. 5 × 128 = 640. ಆದ್ದರಿಂದ

2³² + 1 = 641 × 2²⁸ − (640⁴ − 1)

ಆವರಣದೊಳಗೆ ಮತ್ತೆ ನಮ್ಮ ಹಳೇ ಸೂತ್ರವೇ ಕೂತಿದೆ! 640⁴ − 1 = (640² + 1)(640 + 1)(640 − 1). ನಡುವಿನದು 641. ಎರಡೂ ಕಡೆ 641 ಇದ್ದ ಮೇಲೆ ಉಳಿದದ್ದೂ ಅದರಿಂದ ಭಾಗ ಹೋಗಲೇಬೇಕು.

ಭಾಗಲಬ್ಧ 6700417, ಅದೂ ಅವಿಭಾಜ್ಯ. ಒಟ್ಟು ಏಳು ಬೇರೆ ಬೇರೆ ಅವಿಭಾಜ್ಯಗಳು. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಇಲ್ಲವೇ ಬಿಡಬಹುದು. ಹಾಗಾಗಿ ನಿಮ್ಮ ಸಂಖ್ಯೆಗೆ 2⁷, ಅಂದರೆ 128 ಭಾಜಕಗಳಿವೆ.

ಒಂದು ಸಲ 4294967297ನ್ನು 641ರಿಂದ ಕೈಯಲ್ಲೇ ಭಾಗಿಸಿ ನೋಡಿ. ನಾನು ಪಿಯುಸಿಯಲ್ಲಿದ್ದಾಗ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮಾಡಿದ್ದೆ. ಮೊದಲ ಹೆಜ್ಜೆಯಲ್ಲೇ 448 ಉಳಿಯುತ್ತದೆ. 9 ಇಳಿಸಿದರೆ 4489, ಏಳು ಸಲ ಹೋಗಿ 2 ಉಳಿಯುತ್ತದೆ. ಕೊನೆಯ ಹೆಜ್ಜೆಗೆ ಬರುವಾಗ ಮತ್ತೆ ಅದೇ 448. ಈ ಸಲ ಇಳಿಸುವುದು 7. ಆಗ 4487, ಸರಿಯಾಗಿ 641 × 7.